ಬೆಟ್ಟ ಹತ್ತುವ ಮುಂಚೆ: ನೆರೆ, ಹಿಮಗಾಳಿ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮಾಲಯದ್ದೇ. ಕೇದಾರಕ್ಕೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಮಕ್ಕಳಿಗೆ ಹಿಮ ತೋರಿಸುವವರು, ಮೊದಲ ಸಲ ಟ್ರೆಕ್ಕಿಂಗ್‌ಗೆ ಹೆಸರು ಕೊಟ್ಟವರು, ಎಲ್ಲರಿಗೂ ಇರುವುದು ಒಂದೇ ಭಯ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರು, ಹಾಗಾಗಿ ಎಲ್ಲರ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಪ್ಪ ಅಮ್ಮನಿಗೆ ಕೇದಾರನಾಥ ತೋರಿಸಬೇಕು. ಅಪ್ಪನಿಗೆ 68. ಟೂರ್‌ನವರು ಆಗಸ್ಟ್‌ನಲ್ಲಿ ಬನ್ನಿ, ರಶ್ ಇರಲ್ಲ, ರೂಮು ಅರ್ಧ ರೇಟಿಗೆ ಸಿಗುತ್ತೆ ಅನ್ನುತ್ತಿದ್ದಾರೆ. ಆರು ದಿನದ ಪ್ಯಾಕೇಜು. ಹೋಗಬಹುದಾ?
– ದಾವಣಗೆರೆಯ ಓದುಗರು

ಬೇಡ. ಆಗಸ್ಟ್‌ನಲ್ಲಿ ರೂಮು ಯಾಕೆ ಅರ್ಧ ರೇಟಿಗೆ ಸಿಗುತ್ತದೆ ಅಂತ ಅವರನ್ನೇ ಒಮ್ಮೆ ಕೇಳಿ ನೋಡಿ.

2013ರ ಕೇದಾರದ ನೆರೆ ನಿಮಗೆ ನೆನಪಿರಬಹುದು. ಆ ವರ್ಷ ಮುಂಗಾರು ಜೂನ್ 16ರ ಹೊತ್ತಿಗೇ ಇಡೀ ದೇಶವನ್ನು ಆವರಿಸಿಬಿಟ್ಟಿತ್ತು, ಸಾಮಾನ್ಯವಾಗಿ ಅದಕ್ಕೆ ಜುಲೈ ಮಧ್ಯದವರೆಗೆ ಸಮಯ ಬೇಕು. ಅದೇ ಹೊತ್ತಿಗೆ ಪಶ್ಚಿಮದ ಕಡೆಯಿಂದ ಬಂದ ಇನ್ನೊಂದು ಮಳೆಯ ಅಲೆ ಅದರ ಜೊತೆ ಸೇರಿಕೊಂಡಿತು. ಬೆಟ್ಟದ ಮೇಲೆ ಇನ್ನೂ ಹಿಮ ಕರಗುತ್ತಿತ್ತು. 17ರ ಬೆಳಿಗ್ಗೆ ದೇವಸ್ಥಾನದ ಮೇಲ್ಗಡೆ ಇದ್ದ ಚೋರಾಬಾರಿ ಕೆರೆಯ ದಂಡೆ ಒಡೆಯಿತು. ಆ ದಂಡೆ ಯಾರೋ ಕಟ್ಟಿದ್ದಲ್ಲ, ಹಿಮನದಿ ತಂದು ಗುಡ್ಡೆ ಹಾಕಿದ ಮಣ್ಣು, ಕಲ್ಲು ಅಷ್ಟೆ. ದಾರಿಯಲ್ಲಿದ್ದ ರಾಂಬಾಡಾ ಅನ್ನುವ ಊರೇ ಹೋಯಿತು. ಸತ್ತವರು, ಕಾಣೆಯಾದವರು ಸೇರಿ 5,000ಕ್ಕೂ ಜಾಸ್ತಿ ಜನ. ಆಮೇಲೆ ನಡೆಯುವ ದಾರಿಯನ್ನು ಮಂದಾಕಿನಿಯ ಇನ್ನೊಂದು ದಡಕ್ಕೆ ತಂದರು, ಈಗ ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ನಡಿಗೆ. ದಾರಿ ಹೊಸದಾಯಿತು, ಬೆಟ್ಟ ಮಾತ್ರ ಅದೇ. 2024ರ ಜುಲೈ 31ರ ರಾತ್ರಿ ಇದೇ ದಾರಿಯಲ್ಲಿ ಭಾರಿ ಮಳೆಯಾಗಿ, ಸಾವಿರಾರು ಯಾತ್ರಿಗಳು ನಡುವೆ ಸಿಕ್ಕಿಕೊಂಡು, ಹೆಲಿಕಾಪ್ಟರ್ ತಂದು ಇಳಿಸಬೇಕಾಯಿತು.

ನಾನಾದರೆ ಮೇ ಎರಡನೇ ವಾರದಿಂದ ಜೂನ್ ಮೊದಲ ವಾರದವರೆಗೆ, ಇಲ್ಲವಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಅನ್ನುತ್ತೇನೆ. ಮೇ ತಿಂಗಳಲ್ಲಿ ಜನಜಂಗುಳಿ ವಿಪರೀತ, ಮಧ್ಯಾಹ್ನದ ಮೇಲೆ ಮಳೆ, ಆಲಿಕಲ್ಲು ಬರುವುದೂ ಮಾಮೂಲು. ಹಾಗಾಗಿ ಬೆಳಗಿನ ಜಾವವೇ ಹೊರಟು ಮಧ್ಯಾಹ್ನದೊಳಗೆ ಮೇಲೆ ಸೇರಿಕೊಳ್ಳಬೇಕು. ದೇವಸ್ಥಾನ ಇರುವುದೇ 3,583 ಮೀಟರ್ ಎತ್ತರದಲ್ಲಿ. ನಿಮ್ಮ ತಂದೆಗೆ ಉಸಿರಾಟ, ಹೃದಯದ ತಪಾಸಣೆ ಮುಂಚೆಯೇ ಮಾಡಿಸಿ.

ಇನ್ನು ಆ ಆರು ದಿನದ ಪ್ಯಾಕೇಜು. ನನಗೆ ಆಗಸ್ಟ್‌ಗಿಂತ ಹೆಚ್ಚು ಸಿಟ್ಟು ಬರುವುದು ಅದರ ಮೇಲೆ. ಬೆಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಒಂದು ದಿನ ಬಂದ್ ಆಗುವುದು ದೊಡ್ಡ ಸುದ್ದಿಯೇ ಅಲ್ಲ. ಆದರೆ ವಾಪಸ್ ವಿಮಾನ ನಾಳೆ ಬೆಳಿಗ್ಗೆಗೆ ಬುಕ್ ಆಗಿದ್ದರೆ ಡ್ರೈವರ್ ರಾತ್ರಿ ಹೊತ್ತಿನಲ್ಲಿ, ಮಳೆಯಲ್ಲಿ, ಕಲ್ಲು ಉರುಳುವ ಜಾಗದಲ್ಲಿ ಗಾಡಿ ಓಡಿಸುತ್ತಾನೆ, ನೀವೇ ಓಡಿಸು ಅನ್ನುತ್ತೀರಿ. ಎರಡು ದಿನ ಖಾಲಿ ಬಿಡಿ. ಆ ಎರಡು ದಿನಕ್ಕೆ ಆಗುವ ಖರ್ಚು ಸುಮ್ನೆ ಹೋಯಿತು ಅಂದುಕೊಳ್ಳಬೇಡಿ. ಏನೂ ಆಗದಿದ್ದರೆ ಋಷಿಕೇಶದಲ್ಲಿ ಕೂತು ಗಂಗೆ ನೋಡಬಹುದು.

ಅಂದ ಹಾಗೆ, ಕೇದಾರದ ರಾವಲರು, ಅಂದರೆ ಮುಖ್ಯ ಅರ್ಚಕರು, ನಮ್ಮ ಕಡೆಯ ವೀರಶೈವ ಪರಂಪರೆಯವರು. ಅಷ್ಟು ದೂರದಲ್ಲಿ ಕನ್ನಡ ಕೇಳಿಸಿದರೆ ಅಮ್ಮ ಆಶ್ಚರ್ಯಪಡಬೇಕಾಗಿಲ್ಲ.

ಪ್ರಶ್ನೆ: ನಮ್ಮ ಆಗುಂಬೆಯಲ್ಲಿ ಮಳೆಗಾಲದಲ್ಲಿ ಸುರಿಯುವುದಕ್ಕೆ ಹೋಲಿಸಿದರೆ ಅಲ್ಲಿನದ್ದು ಮಳೆಯೇ ಅಲ್ಲ. ಆದರೂ 100 ಮಿಲಿಮೀಟರ್ ಬಿದ್ದರೆ ಊರೇ ಕೊಚ್ಚಿ ಹೋಯಿತು ಅನ್ನುತ್ತಾರಲ್ಲ, ಯಾಕೆ?
– ತೀರ್ಥಹಳ್ಳಿಯ ಓದುಗರು

ಒಳ್ಳೆಯ ಪ್ರಶ್ನೆ. ಮಲೆನಾಡಿನವರು ಮಾತ್ರ ಕೇಳಬಹುದಾದ ಪ್ರಶ್ನೆ.

ಮೊದಲನೆಯದು, ಸಮಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಆದರೆ ಅದು ದಿನಗಟ್ಟಲೆ ಬಿಡದೆ ಸುರಿದು ಆಗುವ ಲೆಕ್ಕ. ನಮ್ಮ ಹವಾಮಾನ ಇಲಾಖೆ ಮೇಘಸ್ಫೋಟ ಅನ್ನುವುದು 20–30 ಚದರ ಕಿಲೋಮೀಟರ್‌ನಷ್ಟು ಚಿಕ್ಕ ಜಾಗದಲ್ಲಿ ಒಂದೇ ಗಂಟೆಯಲ್ಲಿ 100 ಮಿಲಿಮೀಟರ್ ಬಿದ್ದರೆ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 100 ಮಿಲಿಮೀಟರ್. ಅಲ್ಲಿ 2010ರ ಆಗಸ್ಟ್ 5ರ ನಡುರಾತ್ರಿ ಹಾಗೆ ಸುರಿದಾಗ ಮಣ್ಣಿನ ಇಟ್ಟಿಗೆಯ ಮನೆಗಳು ನಿಲ್ಲಲಿಲ್ಲ, 200ಕ್ಕೂ ಹೆಚ್ಚು ಜನ ಸತ್ತರು.

ಎರಡನೆಯದು, ಬೆಟ್ಟವೇ ಬೇರೆ. ಪಶ್ಚಿಮ ಘಟ್ಟದ ಬಂಡೆ ಬಹಳ ಹಳೆಯದು, ಮೇಲೆ ಕಾಡು ಹಿಡಿದುಕೊಂಡಿದೆ. ಹಿಮಾಲಯ ಎದ್ದದ್ದು ಕಳೆದ 5 ಕೋಟಿ ವರ್ಷಗಳಲ್ಲಿ, ಈಗಲೂ ಏಳುತ್ತಿದೆ, ಭೂಕಂಪಕ್ಕೆ ಅಲ್ಲಾಡುತ್ತಿದೆ, ಕಲ್ಲು ಒಡೆದು ಪುಡಿಯಾಗಿದೆ. ಅದರ ಮೇಲೆ ಹಿಮನದಿಗಳು ಹಿಂದೆ ಸರಿಯುವಾಗ ಬಿಟ್ಟುಹೋದ ಕಲ್ಲುಮಣ್ಣು ಸಡಿಲವಾಗಿ ಕೂತಿದೆ. ನೀರು ಹರಿದು ಬರುವುದಾದರೆ ಓಡಬಹುದು, ಅಲ್ಲಿ ಬರುವುದು ನೀರಲ್ಲ, ಬಂಡೆ, ಮರ, ಕೆಸರು ಎಲ್ಲ ಸೇರಿದ ಕಾಂಕ್ರೀಟಿನಂಥದ್ದು. ಉತ್ತರಾಖಂಡದ ಧರಾಲಿಯ ವಿಡಿಯೋ ನೀವೂ ನೋಡಿರುತ್ತೀರಿ. 2025ರ ಆಗಸ್ಟ್ 5ರ ಮಧ್ಯಾಹ್ನ ಖೀರ್ ಗಡ್ ಅನ್ನುವ ಚಿಕ್ಕ ಹೊಳೆ ಮೇಲಿನಿಂದ ಇಳಿದು ಬಂದು, ಮೂರು ನಾಲ್ಕು ಅಂತಸ್ತಿನ ಹೋಟೆಲುಗಳನ್ನು ಸೆಕೆಂಡುಗಳಲ್ಲಿ ಅಳಿಸಿ ಹಾಕಿತು.

ಮೂರನೆಯದನ್ನು ಜನ ಮರೆಯುತ್ತಾರೆ. ಅಲ್ಲಿ ನೆರೆ ಬರಲು ಮಳೆಯೇ ಬೇಕಾಗಿಲ್ಲ. 2021ರ ಫೆಬ್ರವರಿ 7, ಚಳಿಗಾಲ, ಬಿಸಿಲಿದ್ದ ಬೆಳಿಗ್ಗೆ. ಚಮೋಲಿ ಜಿಲ್ಲೆಯ ರೋಂಟಿ ಶಿಖರದಿಂದ ಹಿಮ ಹೊದ್ದ ಒಂದು ದೊಡ್ಡ ಬಂಡೆಯ ಭಾಗವೇ ಕಳಚಿ ಬಿತ್ತು, ಋಷಿಗಂಗಾ ಕಣಿವೆಯಲ್ಲಿ ನೀರು, ಕೆಸರು ನುಗ್ಗಿ ತಪೋವನದ ವಿದ್ಯುತ್ ಯೋಜನೆಯ ಸುರಂಗದಲ್ಲಿ ಕೆಲಸ ಮಾಡುತ್ತಿದ್ದವರೂ ಸೇರಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಂನಲ್ಲಿ ದಕ್ಷಿಣ ಲೋನಾಕ್ ಅನ್ನುವ ಹಿಮನದಿಯ ಕೆರೆಗೆ ಪಕ್ಕದ ದಿಬ್ಬ ಕುಸಿದು ಬಿತ್ತು. ಎದ್ದ ಅಲೆ ದಂಡೆ ಒಡೆದು, ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್‌ನ ತೀಸ್ತಾ-3 ಯೋಜನೆಯ ಅಣೆಕಟ್ಟನ್ನೇ ಎತ್ತಿಕೊಂಡು ಹೋಯಿತು. ಕೆಳಗಿನ ಊರಿನವರ ತಲೆ ಮೇಲಿನ ಆಕಾಶದಲ್ಲಿ ಏನಿದೆ ಅನ್ನುವುದಕ್ಕಿಂತ, ಕಣಿವೆಯ ಮೇಲ್ತುದಿಯಲ್ಲಿ ಏನಿದೆ ಅನ್ನುವುದು ಮುಖ್ಯವಾಗುವುದು ಇಲ್ಲಿ.

ಹಾಗಂತ ನಮ್ಮ ಕಡೆ ಏನೂ ಆಗಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರು, ಅದೇ ತಿಂಗಳ 30ಕ್ಕೆ ವಯನಾಡು. ಗುಡ್ಡ ಕಡಿದು ರಸ್ತೆ, ರೆಸಾರ್ಟು ಮಾಡಿದ ಮೇಲೆ ಹಳೆಯ ಬಂಡೆಯೂ ಹಳೆಯ ಕಾಡೂ ಕಾಪಾಡಲ್ಲ.

ಪ್ರಶ್ನೆ: ಮನಾಲಿ ಹತ್ತಿರ ನದಿ ಪಕ್ಕದ ಹೋಂಸ್ಟೇ ಬುಕ್ ಮಾಡಿದ್ದೇವೆ, ಬಾಲ್ಕನಿಯಿಂದ ಕೈಚಾಚಿದರೆ ನೀರು ಅನ್ನುವಷ್ಟು ಹತ್ತಿರ. ಜುಲೈ ಮೊದಲ ವಾರ. ಈ ಜಾಗ ಸುರಕ್ಷಿತವಾ ಅಂತ ಇಲ್ಲಿಂದಲೇ ತಿಳಿಯುವುದು ಹೇಗೆ?
– ಹುಬ್ಬಳ್ಳಿಯ ಓದುಗರು

ಕೈಚಾಚಿದರೆ ನೀರು ಸಿಗುವಷ್ಟು ಹತ್ತಿರ ಅಂದರೆ ನೀರೂ ಕೈಚಾಚಿದರೆ ನೀವು ಸಿಗುತ್ತೀರಿ, ಅಲ್ವಾ?

2023ರ ಜುಲೈ 9, 10ರಂದು ಬಿಯಾಸ್ ನದಿ ಉಕ್ಕಿದಾಗ ಮನಾಲಿ, ಕುಲ್ಲು ಕಡೆ ಕೊಚ್ಚಿ ಹೋದದ್ದು ಇಂಥವೇ ಕಟ್ಟಡಗಳು, ಜೊತೆಗೆ ಹೆದ್ದಾರಿಯ ಉದ್ದುದ್ದ ತುಂಡುಗಳು. ಹಳೆಯ ಊರುಗಳನ್ನು ಗಮನಿಸಿ. ಅಜ್ಜಂದಿರ ಕಾಲದ ಮರದ ಮನೆಗಳು ಎಲ್ಲಿವೆ? ಬಹುಪಾಲು ನದಿಯಿಂದ ಸಾಕಷ್ಟು ಮೇಲೆ, ಗಟ್ಟಿ ದಿಬ್ಬದ ಮೇಲೆ. ಕೆಳಗೆ ನದಿ ಪಾತ್ರದಲ್ಲಿ ಇರುವುದೆಲ್ಲ ರಸ್ತೆ, ಪ್ರವಾಸಿಗರು ಬಂದ ಮೇಲೆ ಎದ್ದದ್ದು.

ಇಲ್ಲಿಂದಲೇ ನೋಡುವುದಾದರೆ ಫೋನಿನ ಮ್ಯಾಪಿನಲ್ಲಿ ಉಪಗ್ರಹದ ಚಿತ್ರ ಹಾಕಿಕೊಳ್ಳಿ. ಹೋಂಸ್ಟೇಯ ಹಿಂದೆ ಬೆಟ್ಟದಿಂದ ಯಾವುದಾದರೂ ಕವಲು ಹೊಳೆ ಇಳಿಯುತ್ತಿದೆಯಾ ನೋಡಿ. ಅದು ದೊಡ್ಡ ನದಿಗೆ ಸೇರುವ ಕಡೆ ಬೀಸಣಿಗೆ ಬಿಡಿಸಿದ ಹಾಗೆ ಸಮತಟ್ಟು ಜಾಗ ಕಾಣುತ್ತದೆ. ಬೆಟ್ಟದಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ, ಹಾಗಾಗಿ ಮಾರುಕಟ್ಟೆ, ಹೋಟೆಲು, ಪಾರ್ಕಿಂಗ್ ಎಲ್ಲ ಅಲ್ಲೇ. ಆದರೆ ಆ ಸಮತಟ್ಟನ್ನು ಮಾಡಿದ್ದೇ ಆ ಹೊಳೆ, ಹಿಂದೆ ಇಂಥದ್ದೇ ಪ್ರವಾಹಗಳಲ್ಲಿ ತಂದು ಸುರಿದು. ಧರಾಲಿಯ ಪೇಟೆ ಇದ್ದದ್ದೂ ಅಂಥ ಜಾಗದಲ್ಲೇ. ಹಾಗಾಗಿ ದೊಡ್ಡ ನದಿಗಿಂತ ಈ ಚಿಕ್ಕ ಹೊಳೆಗಳಿಗೆ ಜಾಸ್ತಿ ಹೆದರಬೇಕು. ಅಲ್ಲಿನವರು ಗಡ್, ಖಡ್, ನಾಲಾ ಅನ್ನುತ್ತಾರೆ. ಬೇಸಿಗೆಯಲ್ಲಿ ಮಕ್ಕಳು ದಾಟುವಷ್ಟೇ ನೀರು. ಫೋಟೋದಲ್ಲಿ ಅಂಗಳದ ತುಂಬ ಮನೆ ಗಾತ್ರದ ಗುಂಡು ಬಂಡೆಗಳಿದ್ದು, ಅದರ ಮೇಲೆ ಬೆಂಚು ಹಾಕಿ ಚೆಂದ ಮಾಡಿದ್ದರೆ, ಅವು ಅಲ್ಲಿಗೆ ಹೇಗೆ ಬಂದವು ಅಂತ ಯೋಚಿಸಿ.

ಬುಕಿಂಗ್ ಬದಲಿಸಲು ಆಗದಿದ್ದರೆ ಕನಿಷ್ಠ ಮೇಲಿನ ಅಂತಸ್ತಿನ ರೂಮು ಕೇಳಿ. ಹೋದ ಕೂಡಲೇ, ಇನ್ನೂ ಬೆಳಕಿರುವಾಗ, ಕತ್ತಲಲ್ಲೂ ಹತ್ತಬಹುದಾದ ಒಂದು ದಾರಿ ನೋಡಿಟ್ಟುಕೊಳ್ಳಿ, ಶೂ, ಟಾರ್ಚು ಹಾಸಿಗೆ ಪಕ್ಕ ಇರಲಿ. ನೀರಿನ ಬಣ್ಣ ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಕಸಕಡ್ಡಿ ಮರದ ತುಂಡು ಬರತೊಡಗಿದರೆ, ಮೇಲಿಂದ ಗುಡುಗಿನಂಥ ಶಬ್ದ ನಿಲ್ಲದೆ ಬಂದರೆ ಎದ್ದುಬಿಡಿ. ಇನ್ನೊಂದು, ಮಳೆ ಬರುತ್ತಿರುವಾಗಲೇ ಹೊಳೆಯ ನೀರು ದಿಢೀರ್ ಕಡಿಮೆಯಾದರೆ ಸಮಾಧಾನಪಡಬೇಡಿ, ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು, ಅದು ಒಡೆದಾಗ ಒಟ್ಟಿಗೇ ಬರುತ್ತದೆ. ಓಡುವಾಗ ಹೊಳೆಯ ಜೊತೆ ಕೆಳಗೆ ಓಡಬೇಡಿ, ಅದು ನಿಮಗಿಂತ ವೇಗ. ಪಕ್ಕದ ಇಳಿಜಾರು ಹತ್ತಿ. ಕಾರು, ಬ್ಯಾಗು, ವಿಡಿಯೋ ಎಲ್ಲ ಆಮೇಲೆ. ಧರಾಲಿಯಲ್ಲಿ ಎದುರು ದಡದ ಮುಖ್ಬಾ ಊರಿನವರು ಎತ್ತರದಿಂದ ನೋಡಿ ಸೀಟಿ ಹೊಡೆದು, ಓಡಿ ಓಡಿ ಅಂತ ಕೂಗಿದ್ದು ವಿಡಿಯೋದಲ್ಲೇ ಕೇಳಿಸುತ್ತದೆ. ಬೆಟ್ಟದ ಜನ ಕೂಗಿದರೆ ಭಾಷೆ ಅರ್ಥವಾಗದಿದ್ದರೂ ಹತ್ತಿ.

ಪ್ರಶ್ನೆ: ಸಹಸ್ರತಾಲ್‌ನಲ್ಲಿ ನಮ್ಮ ಬೆಂಗಳೂರಿನವರು ತೀರಿಕೊಂಡದ್ದು ಜೂನ್‌ನಲ್ಲಿ. ಜೂನ್ ಅಂದರೆ ಬೇಸಿಗೆ ಅಲ್ಲವಾ? ನಾನು ಮುಂದಿನ ಸೀಸನ್‌ಗೆ ಟ್ರೆಕ್‌ಗೆ ಹೆಸರು ಕೊಟ್ಟಿದ್ದೇನೆ, ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.
– ಬೆಂಗಳೂರಿನ ಓದುಗರು, ವಯಸ್ಸು 24

ಆ ಘಟನೆ ಗೊತ್ತಿಲ್ಲದವರಿಗೆ: 2024ರ ಮೇ ಕೊನೆಯಲ್ಲಿ ಉತ್ತರಕಾಶಿ ಕಡೆಯಿಂದ ಸಹಸ್ರತಾಲ್ ಅನ್ನುವ ಎತ್ತರದ ಕೆರೆಗಳಿಗೆ ಟ್ರೆಕ್ ಹೊರಟ 22 ಜನರ ತಂಡ, ಹೆಚ್ಚಿನವರು ಕರ್ನಾಟಕದವರು. ಜೂನ್ 3ರಂದು 4,000 ಮೀಟರ್‌ಗಿಂತ ಮೇಲೆ ಹಿಮಗಾಳಿಗೆ ಸಿಕ್ಕಿಕೊಂಡರು. 9 ಜನ ಸತ್ತರು, 13 ಜನರನ್ನು ಉಳಿಸಿದರು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಹೋಗಿ ನಿಂತು ಎಲ್ಲರನ್ನೂ ಕರೆತರುವ ವ್ಯವಸ್ಥೆ ಮಾಡಿದರು.

4,000 ಮೀಟರ್ ದಾಟಿದ ಮೇಲೆ ಹಿಮ ಬೀಳದ ತಿಂಗಳು ಅಂತ ಇಲ್ಲ. ಕೆಳಗೆ ಡೆಹ್ರಾಡೂನ್‌ನಲ್ಲಿ 40 ಡಿಗ್ರಿ ಇರಬಹುದು, ಎತ್ತರ ಒಂದೊಂದು ಕಿಲೋಮೀಟರ್ ಏರಿದಂತೆ ಸುಮಾರು 6 ಡಿಗ್ರಿ ಇಳಿಯುತ್ತದೆ, ಅದರ ಮೇಲೆ ಗಾಳಿ. ಮೈ ಒದ್ದೆಯಾಗಿ ಗಾಳಿಗೆ ಸಿಕ್ಕರೆ ಸೊನ್ನೆ ಡಿಗ್ರಿಯಲ್ಲೇ ಪ್ರಾಣ ಹೋಗುತ್ತದೆ, ಮೈನಸ್ 20 ಬೇಕಾಗಿಲ್ಲ. ನಮ್ಮ ಹುಡುಗರು ಹಾಕಿಕೊಂಡು ಹೋಗುವ ಜೀನ್ಸ್, ಕಾಟನ್ ಟೀ ಶರ್ಟು ಬೆವರು ಹೀರಿಕೊಂಡು ಒಣಗುವುದೇ ಇಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಒಳಬಟ್ಟೆ, ಮೇಲೆ ನೀರು ಇಳಿಯದ ಜಾಕೆಟ್, ಪ್ಯಾಂಟು. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಿಮ್ಮ ಬೆನ್ನ ಮೇಲೇ ಇಟ್ಟುಕೊಳ್ಳಿ, ಹೇಸರಗತ್ತೆಯ ಮೇಲೆ ಹಾಕಿದ ಬ್ಯಾಗಿನಲ್ಲಿ ಇದ್ದರೆ ಬೇಕಾದಾಗ ಅದು ಇನ್ನೊಂದು ಕ್ಯಾಂಪಿನಲ್ಲಿರುತ್ತದೆ.

ಜೊತೆಯವರನ್ನು ಗಮನಿಸುತ್ತಿರಿ. ಮಾತು ತೊದಲತೊಡಗಿದರೆ, ಎಡವುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ನಡುಗುತ್ತಿದ್ದವರ ನಡುಕ ನಿಂತುಹೋದರೆ ಅದು ಸುಧಾರಿಸಿದ್ದಲ್ಲ, ಕೈಮೀರುತ್ತಿದೆ ಅಂತ. ಗಾಳಿಯ ಮರೆಗೆ ತಂದು, ಒದ್ದೆ ಬಟ್ಟೆ ತೆಗೆದು, ಸ್ಲೀಪಿಂಗ್ ಬ್ಯಾಗಿನಲ್ಲಿ ಹಾಕಿ, ಎದೆ, ಕಂಕುಳಿಗೆ ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಇಡಿ. ಪ್ರಜ್ಞೆ ಇದ್ದರೆ ಸಿಹಿ ಹಾಕಿದ ಬಿಸಿ ಚಹಾ. ಕೈಕಾಲು ಉಜ್ಜಬೇಡಿ. ರಮ್ ಕೊಟ್ಟರೆ ಬೆಚ್ಚಗಾಗುತ್ತಾರೆ ಅನ್ನುವುದು ಶುದ್ಧ ಸುಳ್ಳು, ಮೈಯ ಶಾಖ ಇನ್ನೂ ಬೇಗ ಹೋಗುತ್ತದೆ.

ಹೋಗಬೇಡಿ ಅಂತ ಹೇಳುವುದಿಲ್ಲ. ಆದರೆ ಕರೆದುಕೊಂಡು ಹೋಗುವವರನ್ನು ಈ ಪ್ರಶ್ನೆ ಕೇಳಿ: ಹವಾಮಾನ ಕೆಟ್ಟರೆ ವಾಪಸ್ ತಿರುಗುವ ತೀರ್ಮಾನ ಯಾರದು? ಎಷ್ಟು ಗಂಟೆಗೆ, ಎಲ್ಲಿಯೇ ಇದ್ದರೂ ತಿರುಗುತ್ತೀರಿ? ಹಿಂದೆ ಬಿದ್ದವರ ಜೊತೆ ಯಾರು ಇರುತ್ತಾರೆ? ಮೊಬೈಲ್ ಸಿಗದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ? ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ಹಾಗಾಗಿ ಇದು ಸಣ್ಣ ಪ್ರಶ್ನೆಯಲ್ಲ. ನಗುತ್ತಾ "ಏನೂ ಆಗಲ್ಲ ಸರ್" ಅಂದರೆ ದುಡ್ಡು ವಾಪಸ್ ಕೇಳಿ. ಅಕ್ಟೋಬರ್ ಬ್ಯಾಚಿನವರಿಗೂ ಇದೇ ಮಾತು. 2021ರ ಅಕ್ಟೋಬರ್ 19ಕ್ಕೆ, ಮುಂಗಾರು ಮುಗಿಯಿತು ಅಂತ ಎಲ್ಲರೂ ಬೆಟ್ಟ ಹತ್ತಿದ್ದ ಹೊತ್ತಿನಲ್ಲಿ, ಉತ್ತರಾಖಂಡದ ಮುಕ್ತೇಶ್ವರದಲ್ಲಿ ಒಂದೇ ದಿನ 340 ಮಿಲಿಮೀಟರ್ ಮಳೆಯಾಯಿತು. ಅದೇ ದಿನಗಳಲ್ಲಿ ಮೇಲೆ ಲಮ್ಖಾಗಾ ಕಣಿವೆಮಾರ್ಗದಲ್ಲಿ ಹಿಮಕ್ಕೆ ಸಿಕ್ಕಿ ಚಾರಣಿಗರು ಸತ್ತರು.

ಪ್ರಶ್ನೆ: ಕ್ರಿಸ್ಮಸ್ ರಜೆಗೆ ಮಕ್ಕಳ ಜೊತೆ ಮನಾಲಿ. ಬಾಡಿಗೆ ಕಾರು ನಾನೇ ಓಡಿಸಿಕೊಂಡು ಅಟಲ್ ಸುರಂಗದ ಆಚೆ ಹೋಗೋಣ ಅಂತ. ಹಿಮದಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು?
– ಮೈಸೂರಿನ ಓದುಗರು

ಮೊದಲು, ನೀವೇ ಓಡಿಸಬೇಡಿ. ಮೈಸೂರಿನಲ್ಲಿ ಎಷ್ಟೇ ವರ್ಷ ಓಡಿಸಿದ್ದರೂ ರಸ್ತೆ ಮೇಲೆ ಗಾಜಿನಂತೆ ಕೂತ ಮಂಜುಗಡ್ಡೆಯ ಮೇಲೆ ಬ್ರೇಕು ಒತ್ತಿದ ಅನುಭವ ಬರುವುದಿಲ್ಲ. ಅಲ್ಲಿನ ಡ್ರೈವರ್ ಕರೆದುಕೊಳ್ಳಿ, ಚಕ್ರಕ್ಕೆ ಹಾಕುವ ಚೈನು ಇದೆಯಾ ಕೇಳಿ. 2020ರಲ್ಲಿ 9 ಕಿಲೋಮೀಟರ್‌ನ ಆ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಡೆಗೆ ಜನ ಹರಿಯುತ್ತಾರೆ. ಸುರಂಗದ ಒಳಗೆ ತೊಂದರೆಯಿಲ್ಲ, ತೊಂದರೆ ಇರುವುದು ಅಲ್ಲಿಗೆ ಮುಟ್ಟುವ ರಸ್ತೆಯಲ್ಲಿ. 2024ರ ಡಿಸೆಂಬರ್ 23ರಂದು ಸೋಲಾಂಗ್‌ಗೂ ಸುರಂಗಕ್ಕೂ ನಡುವೆ ಸುಮಾರು ಸಾವಿರ ಗಾಡಿಗಳು ಗಂಟೆಗಟ್ಟಲೆ ನಿಂತುಬಿಟ್ಟವು. ಮಧ್ಯಾಹ್ನ ಮೋಡ ಕಟ್ಟಿ ಹಿಮ ಉದುರತೊಡಗಿದರೆ ಇನ್ನೊಂದು ಫೋಟೋ ಅಂತ ನಿಲ್ಲದೆ ಇಳಿದುಬಿಡಿ.

ಸಿಕ್ಕಿಕೊಂಡೇಬಿಟ್ಟರೆ ಕಾರು ಬಿಟ್ಟು ಹಿಮಗಾಳಿಯಲ್ಲಿ ನಡೆಯಬೇಡಿ. ಆದರೆ ಹೀಟರ್ ಹಾಕಿಕೊಂಡು ಕಿಟಕಿ ಮುಚ್ಚಿ ನಿದ್ದೆ ಮಾಡುವುದು ಅದಕ್ಕಿಂತ ಅಪಾಯ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಬೆಟ್ಟದಲ್ಲಿ ಹಿಮ ನೋಡಲು ಬಂದ 20ಕ್ಕೂ ಹೆಚ್ಚು ಜನ ಒಂದೇ ರಾತ್ರಿ ಸತ್ತರು, ಹೆಚ್ಚಿನವರು ಹಿಮದಲ್ಲಿ ಹೂತ ಕಾರುಗಳೊಳಗೆ, ಮಕ್ಕಳೂ ಸೇರಿ. ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಒಳಗೆ ತುಂಬುತ್ತದೆ, ವಾಸನೆಯಿಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ ಅಷ್ಟೆ. ಹಾಗಾಗಿ ಆಗಾಗ ಇಳಿದು ಆ ಕೊಳವೆಯ ಸುತ್ತ ಹಿಮ ತೆಗೆಯಿರಿ, ಎಂಜಿನ್ ಗಂಟೆಗೆ ಹತ್ತು ನಿಮಿಷ ಮಾತ್ರ ಓಡಲಿ, ಗಾಳಿ ಬೀಸದ ಬದಿಯ ಕಿಟಕಿ ಎರಡು ಬೆರಳಷ್ಟು ತೆರೆದಿರಲಿ, ಒಬ್ಬರಾದರೂ ಎಚ್ಚರವಿರಲಿ. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಕಂಬಳಿ, ನೀರು, ಚಿಕ್ಕಿ, ಖರ್ಜೂರ ಕಾರಿನಲ್ಲೇ ಇರಲಿ.

ಹೋಟೆಲಿನ ಮುಚ್ಚಿದ ರೂಮಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದೂ ಇದೇ ಸಾವು. ಕರೆಂಟಿನ ಹೀಟರ್ ಇಲ್ಲದಿದ್ದರೆ ಇನ್ನೊಂದು ರಜಾಯಿ ಕೇಳಿ.

ಪ್ರಶ್ನೆ: ಮುನ್ನೆಚ್ಚರಿಕೆ ನೋಡಲು ಯಾವ ಆ್ಯಪ್ ಒಳ್ಳೆಯದು?
– ಕಲಬುರಗಿಯ ಓದುಗರು

ಹವಾಮಾನ ಇಲಾಖೆಯ 'ಮೌಸಮ್', ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್'. ಎರಡೂ ಉಚಿತ. ಆರೆಂಜ್ ಅಲರ್ಟ್ ಬಂದರೆ ಆ ದಿನ ಗಾಡಿ ಹೊರಡಿಸಬೇಡಿ, ರೆಡ್ ಬಂದರೆ ನದಿ ಪಕ್ಕದಲ್ಲಿದ್ದರೆ ರೂಮೇ ಬದಲಿಸಿ. ಮುನ್ಸೂಚನೆ ಜಿಲ್ಲೆಗೆ ಕೊಡುತ್ತಾರೆ, ನಿಮ್ಮ ಕಣಿವೆಗಲ್ಲ, ಹಾಗಾಗಿ ಹಸಿರು ಇದೆ ಅಂತ ಪೂರ್ತಿ ನಂಬಬೇಡಿ. ತುರ್ತಿಗೆ 112, ಜಿಲ್ಲಾ ವಿಪತ್ತು ಕೇಂದ್ರಕ್ಕೆ 1077.

ಪ್ರಶ್ನೆ: ನಮಗೆ ರಜೆ ಸಿಗುವುದೇ ಡಿಸೆಂಬರ್‌ನಲ್ಲಿ. ಅತ್ತೆಯವರು ಕೇದಾರ, ಬದರಿ ಅಂತ ಹಠ ಹಿಡಿದಿದ್ದಾರೆ. ಏನು ಮಾಡಲಿ?
– ಉಡುಪಿಯ ಓದುಗರು

ಡಿಸೆಂಬರ್‌ನಲ್ಲಿ ಎರಡೂ ಬಾಗಿಲು ಹಾಕಿರುತ್ತವೆ. ಕೇದಾರ ದೀಪಾವಳಿ ಮುಗಿದ ಕೂಡಲೇ, ಬದರಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಆಮೇಲೆ ಅಲ್ಲಿ ಹಿಮ ಎಷ್ಟಿರುತ್ತದೆ ಅಂದರೆ, 2025ರ ಫೆಬ್ರವರಿ 28ರಂದು ಬದರಿಯ ಆಚೆಯ ಮಾಣಾದಲ್ಲಿ ಗಡಿ ರಸ್ತೆ ಕೆಲಸಗಾರರ ಕ್ಯಾಂಪಿನ ಮೇಲೇ ಹಿಮ ಕುಸಿದು 54 ಜನ ಸಿಕ್ಕಿಕೊಂಡರು, 8 ಜನ ಉಳಿಯಲಿಲ್ಲ.

ಆದರೆ ದೇವರೂ ಚಳಿಗಾಲದಲ್ಲಿ ಕೆಳಗಿಳಿಯುತ್ತಾನೆ, ಅತ್ತೆಯವರಿಗೆ ಇದನ್ನು ಹೇಳಿ. ಕೇದಾರನ ಉತ್ಸವಮೂರ್ತಿ ಊಖೀಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಬರುತ್ತದೆ, ಆರು ತಿಂಗಳು ಪೂಜೆ ಅಲ್ಲೇ. ಬದರಿಯದು ಪಾಂಡುಕೇಶ್ವರ ಮತ್ತು ಜೋಶಿಮಠದಲ್ಲಿ, ಗಂಗೆಯದು ಮುಖ್ಬಾದಲ್ಲಿ, ಯಮುನೆಯದು ಖರ್ಸಾಲಿಯಲ್ಲಿ. ಇವುಗಳಲ್ಲಿ ಊಖೀಮಠ ವಯಸ್ಸಾದವರಿಗೆ ಸುಲಭ, ಗಾಡಿ ದೇವಸ್ಥಾನದ ಹತ್ತಿರದವರೆಗೆ ಹೋಗುತ್ತದೆ, ಎತ್ತರವೂ ಜಾಸ್ತಿಯಿಲ್ಲ. ಬಿಸಿಲಿರುವಾಗ, ಬೆಳಿಗ್ಗೆ ಹತ್ತರ ಮೇಲೆ ರುದ್ರಪ್ರಯಾಗದಿಂದ ಹೊರಟು, ಅಲ್ಲೇ ಒಂದು ರಾತ್ರಿ ಉಳಿದು ಬನ್ನಿ.